ಬಾದಾಮಿ ಸ್ಮಾರಕಗಳ ಕಾಲ್ನಡಿಗೆ ಮಾರ್ಗ

ಬಾದಾಮಿಯು ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಕ್ರಿ.ಶ. 6ನೆಯ ಶತಮಾನದ ಮಧ್ಯಭಾಗದಿಂದ 8ನೆಯ ಶತಮಾನದ ಮಧ್ಯಭಾಗದವರೆಗೆ ಇದು ವಾತಾಪಿ ಎಂಬ ಹೆಸರಿನಿಂದ ಚಾಲುಕ್ಯರ ರಾಜಧಾನಿಯಾಗಿತ್ತು. ಇಲ್ಲಿನ ಗುಹಾಲಯಗಳು, ಕಟ್ಟಿದ ದೇವಾಲಯಗಳು, ಕೋಟೆಗಳು ಮತ್ತು ಬಂಡೆಗಲ್ಲಿನ ಶಾಸನಗಳು ಅಗಸ್ತ್ಯತೀರ್ಥವೆಂಬ ಒಂದೇ ಕೆರೆಯ ಸುತ್ತ ನೆಲೆಗೊಂಡಿವೆ. ಆದುದರಿಂದ ಹಳೆಯ ರಾಜಧಾನಿಯ ಮುಖ್ಯ ಸ್ಮಾರಕಗಳನ್ನು ವಾಹನದ ನೆರವಿಲ್ಲದೆ ಒಂದು ಹಗಲಿನಲ್ಲಿ ನಡೆದೇ ನೋಡಬಹುದು. ಚಾಲುಕ್ಯ ಅರಸರು ವಾಸವಾಗಿದ್ದ ಅರಮನೆ ಇಂದು ನಿಂತಿಲ್ಲ. ಆದರೆ ರಾಜಧಾನಿಯ ಸ್ಥಾಪನೆ, ವೈಭವ, ಪತನ ಮತ್ತು ಪುನರುತ್ಥಾನಗಳಿಗೆ ಸಂಬಂಧಿಸಿದ ಬರಹಗಳು ಬಂಡೆ ಮತ್ತು ಕಂಬಗಳ ಮೇಲೆ ಉಳಿದಿವೆ. ಈ ಲೇಖನವು ಆ ಸ್ಮಾರಕಗಳನ್ನು ನಡಿಗೆಯ ಕ್ರಮದಲ್ಲಿ ಪರಿಚಯಿಸುತ್ತದೆ.

ಭೌಗೋಳಿಕ ಹಿನ್ನೆಲೆ

ಬಾದಾಮಿಯು ಮಲಪ್ರಭಾ ನದಿಯ ಕಣಿವೆಯಲ್ಲಿದೆ. ಪಟ್ಟಣದ ಪೂರ್ವಕ್ಕೆ ಕೆಂಪು ಮರಳುಗಲ್ಲಿನ ಎರಡು ಬೆಟ್ಟಗಳು ಎದುರುಬದುರಾಗಿ ನಿಂತಿವೆ. ಅವುಗಳ ನಡುವಿನ ತಗ್ಗಿನಲ್ಲಿ ಅಗಸ್ತ್ಯತೀರ್ಥವಿದೆ. ಕೆರೆಯ ಪಶ್ಚಿಮಕ್ಕೆ ಏರಿ, ಏರಿಯ ಆಚೆಗೆ ಊರು. ದಕ್ಷಿಣದ ಬೆಟ್ಟದಲ್ಲಿ ಗುಹಾಲಯಗಳೂ ಉತ್ತರದ ಬೆಟ್ಟದಲ್ಲಿ ಶಿವಾಲಯಗಳೂ ಇವೆ. ಕೆರೆಯ ಪೂರ್ವದ ತುದಿಯಲ್ಲಿ ಭೂತನಾಥ ದೇವಾಲಯವಿದೆ.

ಈ ಮರಳುಗಲ್ಲು ಪದರ ಪದರವಾಗಿ ರಚನೆಗೊಂಡಿರುವ ಅತಿ ಪ್ರಾಚೀನ ಶಿಲೆ. ಗುಹಾಲಯಗಳ ಗೋಡೆಗಳಲ್ಲಿ ಕೆಂಪು ಮತ್ತು ಬಿಳಿಯ ಪಟ್ಟೆಗಳು ಮೂರ್ತಿಗಳ ಮೈಮೇಲೆಯೇ ಹಾದುಹೋಗಿರುವುದನ್ನು ಕಾಣಬಹುದು. ಕಠಿಣವಾದ ಕಣಶಿಲೆಗೆ ಹೋಲಿಸಿದರೆ ಇದು ಉಳಿಯ ಕೆಲಸಕ್ಕೆ ಸುಲಭವಾಗಿ ಒದಗುವ ಕಲ್ಲು. ಇಷ್ಟು ದೊಡ್ಡ ಗುಹೆಗಳನ್ನು ಕೊರೆಯಲು ಸಾಧ್ಯವಾದುದಕ್ಕೆ ಈ ಗುಣವೇ ಕಾರಣ. ಮಳೆ, ಗಾಳಿಗಳಿಗೆ ಸಿಕ್ಕು ಶಿಲ್ಪಗಳು ಸವೆಯುತ್ತಿರುವುದಕ್ಕೂ ಇದೇ ಗುಣ ಕಾರಣವಾಗಿದೆ.

ಹೆಸರು ಮತ್ತು ಇತಿಹಾಸ

ವಾತಾಪಿ ಮತ್ತು ಇಲ್ವಲ ಎಂಬ ರಾಕ್ಷಸ ಸೋದರರ ಕಥೆ ಮಹಾಭಾರತದಲ್ಲಿ ಬರುತ್ತದೆ. ಆಡಿನ ರೂಪ ತಾಳಿ ಅತಿಥಿಗಳ ಹೊಟ್ಟೆ ಸೇರಿ, ಅಣ್ಣನು ಕರೆದಾಗ ಹೊಟ್ಟೆ ಸೀಳಿ ಹೊರಬರುತ್ತಿದ್ದ ವಾತಾಪಿಯನ್ನು ಅಗಸ್ತ್ಯಮುನಿಯು ಜೀರ್ಣಿಸಿಕೊಂಡನೆಂಬುದು ಆ ಕಥೆಯ ಸಾರ. ಊರಿಗೂ ಕೆರೆಗೂ ಬಂದಿರುವ ಹೆಸರುಗಳನ್ನು ಸ್ಥಳೀಯ ಪರಂಪರೆಯು ಈ ಕಥೆಯೊಂದಿಗೆ ಜೋಡಿಸುತ್ತದೆ.

ಒಂದನೆಯ ಪುಲಕೇಶಿಯು ಇಲ್ಲಿ ಕೋಟೆಯನ್ನು ಕಟ್ಟಿಸಿ ರಾಜಧಾನಿಯನ್ನು ಸ್ಥಾಪಿಸಿದನು. ಅವನ ಮಗ ಒಂದನೆಯ ಕೀರ್ತಿವರ್ಮ, ಕೀರ್ತಿವರ್ಮನ ತಮ್ಮ ಮಂಗಲೇಶ, ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ ಅನುಕ್ರಮವಾಗಿ ಆಳಿದರು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ವಶಪಡಿಸಿಕೊಂಡನು. ಸುಮಾರು ಹದಿಮೂರು ವರ್ಷಗಳ ತರುವಾಯ ಒಂದನೆಯ ವಿಕ್ರಮಾದಿತ್ಯನು ಅದನ್ನು ಮರಳಿ ಪಡೆದನು. 8ನೆಯ ಶತಮಾನದ ಮಧ್ಯದಲ್ಲಿ ರಾಷ್ಟ್ರಕೂಟರು ಚಾಲುಕ್ಯರ ಆಳ್ವಿಕೆಯನ್ನು ಕೊನೆಗೊಳಿಸಿದರು. ಆಮೇಲೆ ಕಲ್ಯಾಣದ ಚಾಲುಕ್ಯರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಮರಾಠರು ಮತ್ತು ಮೈಸೂರಿನ ಹೈದರ್–ಟಿಪ್ಪು ಸುಲ್ತಾನರು ಈ ಊರನ್ನು ಬೇರೆ ಬೇರೆ ಕಾಲದಲ್ಲಿ ಆಳಿದರು. 1818ರಲ್ಲಿ ಮನ್ರೋ ನೇತೃತ್ವದ ಸೈನ್ಯವು ಕೋಟೆಯನ್ನು ಬ್ರಿಟಿಷರ ವಶಕ್ಕೆ ತಂದಿತು.

ನಡಿಗೆಯ ಮಾರ್ಗ

ಜಂಬುಲಿಂಗ ದೇವಾಲಯ

ನಡಿಗೆಯನ್ನು ಊರೊಳಗಿನ ಜಂಬುಲಿಂಗ ದೇವಾಲಯದಿಂದ ಆರಂಭಿಸುವುದು ಅನುಕೂಲ. ಮನೆಗಳ ನಡುವೆ ಇರುವುದರಿಂದ ಬಹಳಷ್ಟು ಪ್ರವಾಸಿಗರು ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಇದರ ಕಂಬದ ಮೇಲಿನ ಶಾಸನದ ಕಾಲ 699. ಅರಸ ವಿಜಯಾದಿತ್ಯನ ತಾಯಿ ವಿನಯವತಿಯು ಇಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿದಳೆಂದು ಅದು ತಿಳಿಸುತ್ತದೆ. ಮೂರು ದೇವರಿಗೆ ಮೂರು ಗರ್ಭಗೃಹಗಳಿರುವ ಇಂಥ ದೇವಾಲಯವನ್ನು ತ್ರಿಕೂಟವೆನ್ನುತ್ತಾರೆ. ಮಂಟಪದ ಮೇಲ್ಛಾವಣಿಯಲ್ಲಿ ಈ ಮೂವರು ದೇವತೆಗಳ ಶಿಲ್ಪಗಳಿವೆ. ಒಬ್ಬ ರಾಜಮಾತೆಯ ಹೆಸರಿನಲ್ಲಿ ನಿಂತಿರುವ ಈ ದೇವಾಲಯವು, ಚಾಲುಕ್ಯ ರಾಜಮನೆತನದ ಸ್ತ್ರೀಯರು ದೇವಾಲಯ ನಿರ್ಮಾಣದಲ್ಲಿ ಪಾಲುಗೊಂಡದ್ದಕ್ಕೆ ಒಂದು ಆಧಾರ.

ದಕ್ಷಿಣ ಬೆಟ್ಟದ ಗುಹಾಲಯಗಳು

ಊರಿನಿಂದ ದಕ್ಷಿಣದ ಬೆಟ್ಟದ ಬುಡಕ್ಕೆ ಬಂದರೆ ಆದಿಲಶಾಹಿ ಶೈಲಿಯ ಗುಮ್ಮಟವುಳ್ಳ ಸಮಾಧಿ ಮತ್ತು ಮಸೀದಿಗಳು ಕಾಣುತ್ತವೆ. ಮೆಟ್ಟಿಲುಗಳು ಇಲ್ಲಿಂದ ಮೇಲೇರುತ್ತವೆ. ನಾಲ್ಕು ಗುಹಾಲಯಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ಕೊರೆಯಲಾಗಿದೆ. ಪ್ರತಿಯೊಂದರಲ್ಲೂ ಮುಂದೆ ಕಂಬಗಳ ಮೊಗಸಾಲೆ, ನಡುವೆ ಸಭಾಮಂಟಪ, ಹಿಂಬದಿಯ ಗೋಡೆಯಲ್ಲಿ ಗರ್ಭಗೃಹ ಇವೆ.

ಒಂದನೆಯ ಗುಹೆಯು ಶಿವನಿಗೆ ಮೀಸಲಾದುದು. ಗುಹೆಯ ಹೊರಗೆ ಬಲಬದಿಯ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಎಡ ಮತ್ತು ಬಲದ ಕೈಗಳನ್ನು ಒಂದೊಂದಾಗಿ ಜೋಡಿಸಿ ನೋಡಿದರೆ ಎಂಬತ್ತೊಂದು ನಾಟ್ಯಭಂಗಿಗಳು ದೊರೆಯುತ್ತವೆಂದು ಮಾರ್ಗದರ್ಶಿಗಳು ವಿವರಿಸುವುದು ವಾಡಿಕೆ. ಒಂಬತ್ತನ್ನು ಒಂಬತ್ತರಿಂದ ಗುಣಿಸಿದಾಗ ಬರುವ ಲೆಕ್ಕವಿದು. ಮೊಗಸಾಲೆಯಲ್ಲಿ ಹರಿಹರ ಮತ್ತು ಅರ್ಧನಾರೀಶ್ವರ ಮೂರ್ತಿಗಳಿವೆ. ಎರಡನೆಯ ಗುಹೆಯು ವಿಷ್ಣುವಿನದು. ತ್ರಿವಿಕ್ರಮ ಮತ್ತು ಭೂವರಾಹ ಇಲ್ಲಿನ ಪ್ರಮುಖ ಶಿಲ್ಪಗಳು. ಮೀನುಗಳನ್ನೇ ಅರಗಳನ್ನಾಗಿ ಜೋಡಿಸಿದ ಚಕ್ರವೊಂದು ಛಾವಣಿಯಲ್ಲಿದೆ.

ಮೂರನೆಯ ಗುಹೆಯು ನಾಲ್ಕರಲ್ಲಿ ಅತ್ಯಂತ ದೊಡ್ಡದು. ಇದರ ಮುಖಭಾಗ ಸುಮಾರು 21 ಮೀಟರ್ ಅಗಲವಿದೆ. ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ನಿಂತ ನರಸಿಂಹ, ವರಾಹ, ಹರಿಹರ ಮತ್ತು ತ್ರಿವಿಕ್ರಮರ ಆಳೆತ್ತರ ಮೀರಿದ ಮೂರ್ತಿಗಳು ಮೊಗಸಾಲೆಯನ್ನು ತುಂಬಿವೆ. ಕಂಬಗಳ ಮೇಲ್ಭಾಗದ ಬೋದಿಗೆಗಳಲ್ಲಿ ದಂಪತಿಗಳ ಶಿಲ್ಪಗಳಿದ್ದು, ಅವು ಮರಗೆಲಸದ ನಯವನ್ನು ಕಲ್ಲಿನಲ್ಲಿ ತೋರಿಸುತ್ತವೆ. ಮಾಸಿದ ವರ್ಣಚಿತ್ರಗಳ ಕುರುಹುಗಳೂ ಇಲ್ಲಿವೆ.

ನಾಲ್ಕು ಗುಹೆಗಳಲ್ಲಿ ನಿರ್ಮಾಣದ ಕಾಲವು ಶಾಸನದಿಂದ ಖಚಿತವಾಗಿ ತಿಳಿದಿರುವುದು ಇದೊಂದರದೇ. ಶಕ ವರ್ಷ 500ರ, ಎಂದರೆ ಕ್ರಿ.ಶ. 578ರ ಸಂಸ್ಕೃತ ಶಾಸನದ ಪ್ರಕಾರ ಮಂಗಲೇಶನು ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಇದನ್ನು ಮಾಡಿಸಿದನು. ಈ ಕಾರ್ಯದ ಪುಣ್ಯವೆಲ್ಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆಯ ಫಲವಷ್ಟೇ ತನಗಿರಲಿ ಎಂಬ ಆಶಯ ಅದರಲ್ಲಿದೆ. ಅಣ್ಣನ ನಂತರ ಪಟ್ಟಕ್ಕೆ ಬಂದ ಇದೇ ಮಂಗಲೇಶನು, ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಹೋಗಿ, ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಯೊಡನೆ ಹೋರಾಡಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಐಹೊಳೆಯ ಮೇಗುತಿ ದೇವಾಲಯದ 634ರ ಶಾಸನ ಹೇಳುತ್ತದೆ. ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ರಾಜಮನೆತನದ ಒಳಗಿನ ಕಲಹದ ಆಳ ತಿಳಿಯುತ್ತದೆ.

ಇದೇ ಗುಹೆಯ ಬಳಿ ಮಂಗಲೇಶನ ಚಿಕ್ಕದೊಂದು ಕನ್ನಡ ಶಾಸನವೂ ಇದೆ. ಚಾಲುಕ್ಯರ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಇದು ಒಂದು. ಸಂಸ್ಕೃತ ಶಾಸನವು ಮಹಾವಿಷ್ಣುಗೃಹವೆಂದು ಹೊಗಳುವ ಗುಹಾಲಯವನ್ನು ಕನ್ನಡ ಶಾಸನವು ‘ಕಲ್ಮನೆ’ ಎಂಬ ಸರಳ ಪದದಿಂದ ಕರೆಯುತ್ತದೆ. ಈ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಕೊಟ್ಟುದನ್ನೂ ದೇವರಿಗೆ ಹೂ ಒದಗಿಸುವ ಮಾಲೆಗಾರರ ಪಾಲನ್ನೂ ಅದು ದಾಖಲಿಸುತ್ತದೆ. ಅರಸನ ದಾನದ ಬರಹದಲ್ಲಿ ಹೂಕಟ್ಟುವವರಿಗೂ ಸ್ಥಾನ ದೊರೆತಿರುವುದು ಗಮನಾರ್ಹ.

ನಾಲ್ಕನೆಯ ಗುಹೆಯು ಎಲ್ಲಕ್ಕಿಂತ ಎತ್ತರದಲ್ಲಿದೆ, ಗಾತ್ರದಲ್ಲಿ ಚಿಕ್ಕದು. ಇದು ಜೈನ ಗುಹಾಲಯ. ಬಾಹುಬಲಿ, ಪಾರ್ಶ್ವನಾಥ ಮತ್ತು ಮಹಾವೀರರ ಮೂರ್ತಿಗಳೊಂದಿಗೆ ತೀರ್ಥಂಕರರ ಅನೇಕ ಸಣ್ಣ ಶಿಲ್ಪಗಳು ಇಲ್ಲಿವೆ. ಬಾಹುಬಲಿಯ ಕಾಲಿಗೆ ಬಳ್ಳಿ ಹಬ್ಬಿದೆ, ಬುಡದಲ್ಲಿ ಹಾವುಗಳಿವೆ. ಶ್ರವಣಬೆಳಗೊಳದ ಮೂರ್ತಿಗಿಂತ ಇದು ಶತಮಾನಗಳಷ್ಟು ಹಳೆಯದು.

ಗುಹೆಗಳ ಮೇಲ್ಗಡೆ ರಣಮಂಡಲ ಕೋಟೆ ಇದೆ. ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವಿನ ಕಡಿದಾದ ಮೆಟ್ಟಿಲುಗಳು ಅಲ್ಲಿಗೆ ಹೋಗುತ್ತವೆ. ಕೋಟೆಯಲ್ಲಿ ಒಂದು ಹಳೆಯ ಫಿರಂಗಿ ಇದೆ. ಸುರಕ್ಷತೆಯ ಕಾರಣದಿಂದ ಈ ದಾರಿಯನ್ನು ಸಾರ್ವಜನಿಕರಿಗೆ ಮುಚ್ಚಲಾಗಿದೆ.

ಅಗಸ್ತ್ಯತೀರ್ಥ

ಗುಹೆಗಳಿಂದ ಇಳಿದು ಕೆರೆಯ ಏರಿಯ ಕಡೆಗೆ ಬಂದರೆ ಎರಡೂ ಬೆಟ್ಟಗಳು ಒಂದೇ ನೋಟಕ್ಕೆ ಸಿಗುತ್ತವೆ. ಕೆರೆಯು ಬೆಟ್ಟಗಳಿಂದ ಹರಿದು ಬರುವ ಮಳೆನೀರನ್ನು ಹಿಡಿದಿಡುತ್ತದೆ. ಮೂರು ಕಡೆ ಬಂಡೆ, ಒಂದು ಕಡೆ ಏರಿ ಇರುವ ಈ ಜಾಗದಲ್ಲಿ ನೀರೂ ರಕ್ಷಣೆಯೂ ಒಟ್ಟಿಗೆ ದೊರೆಯುತ್ತಿದ್ದುದರಿಂದ ಇದು ರಾಜಧಾನಿಗೆ ತಕ್ಕ ಸ್ಥಳವಾಯಿತು. ಕೆರೆಯ ಪಾವಟಿಗೆಗಳಲ್ಲಿ ಊರಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ದೃಶ್ಯ ಇಂದಿಗೂ ಸಾಮಾನ್ಯ. ದಂಡೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಯಲ್ಲಮ್ಮನ ಗುಡಿ ಇದೆ.

ಪಲ್ಲವ ನರಸಿಂಹವರ್ಮನ ಶಾಸನ

ತೆಕ್ಕಿನ ಈರಪ್ಪನ ಗುಡಿಯ ಬಳಿಯ ಬಂಡೆಯ ಮೇಲೆ ಸವೆದುಹೋದ ಒಂದು ಶಾಸನವಿದೆ. ಅದು ಚಾಲುಕ್ಯರದಲ್ಲ, ಅವರನ್ನು ಸೋಲಿಸಿದ ಪಲ್ಲವ ನರಸಿಂಹವರ್ಮನದು. ವಾತಾಪಿಯ ವಿಜಯವನ್ನು ಅದು ಸಂಸ್ಕೃತದಲ್ಲಿ, ಪಲ್ಲವರ ಲಿಪಿಯಲ್ಲಿ ದಾಖಲಿಸುತ್ತದೆ. ನರಸಿಂಹವರ್ಮನಿಗೆ ‘ವಾತಾಪಿಕೊಂಡ’ ಎಂಬ ಬಿರುದು ಬಂದದ್ದು ಈ ವಿಜಯದಿಂದ. ಈ ಯುದ್ಧದ ಸಮಯದಲ್ಲಿ ಪಲ್ಲವರ ದಂಡನಾಯಕನು ಗಣಪತಿಯ ಮೂರ್ತಿಯೊಂದನ್ನು ತಮಿಳುನಾಡಿಗೆ ಒಯ್ದನೆಂದು ಅಲ್ಲಿನ ಪರಂಪರೆ ನಂಬುತ್ತದೆ. ಮುತ್ತುಸ್ವಾಮಿ ದೀಕ್ಷಿತರ ಪ್ರಸಿದ್ಧ ಕೃತಿಯಿಂದಾಗಿ ವಾತಾಪಿ ಗಣಪತಿಯ ಹೆಸರು ಕರ್ನಾಟಕ ಸಂಗೀತದ ಮೂಲಕ ಎಲ್ಲೆಡೆ ಪರಿಚಿತವಾಗಿದೆ.

ಗೆದ್ದವರ ಈ ಬರಹವನ್ನು ರಾಜಧಾನಿಯನ್ನು ಮರಳಿ ಪಡೆದ ಚಾಲುಕ್ಯರು ಪೂರ್ತಿಯಾಗಿ ಅಳಿಸಿಹಾಕಲಿಲ್ಲ. ಇದಕ್ಕೆ ಪ್ರತಿಯಾಗಿ ನಿಲ್ಲುವ ಶಾಸನವೊಂದು ಕಾಂಚೀಪುರದಲ್ಲಿದೆ. 8ನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ರಾಜಧಾನಿಯಾದ ಕಾಂಚಿಯನ್ನು ಗೆದ್ದನು. ಆದರೆ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಆ ವಿಷಯವನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದನು.

ವಸ್ತುಸಂಗ್ರಹಾಲಯ

ಉತ್ತರದ ಬೆಟ್ಟದ ಬುಡದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ವಸ್ತುಸಂಗ್ರಹಾಲಯವಿದೆ. 1979ರಲ್ಲಿ ಶಿಲ್ಪಗಳ ಸಂಗ್ರಹಾಗಾರವಾಗಿ ಆರಂಭವಾದ ಇದು 1982ರಲ್ಲಿ ಪೂರ್ಣ ಪ್ರಮಾಣದ ವಸ್ತುಸಂಗ್ರಹಾಲಯವಾಯಿತು. ನಾಗನಾಥನ ಕೊಳ್ಳದಲ್ಲಿ ದೊರೆತ ಲಜ್ಜಾಗೌರಿಯ ಶಿಲ್ಪ ಇಲ್ಲಿನ ಹೆಸರಾಂತ ವಸ್ತು. ಬಾದಾಮಿಯ ಸಮೀಪದ ಸಿಡಿಲಪಡಿ ಎಂಬ ಪ್ರಾಗೈತಿಹಾಸಿಕ ಕಲ್ಲಾಸರೆಯ ಮಾದರಿಯನ್ನೂ ಇಲ್ಲಿ ನೋಡಬಹುದು. ಅರಸರಿಗಿಂತ ಸಾವಿರಾರು ವರ್ಷ ಮೊದಲೇ ಈ ಬಂಡೆಗಳ ನಡುವೆ ಮನುಷ್ಯರು ನೆಲೆಸಿದ್ದರೆಂಬುದನ್ನು ಅದು ತಿಳಿಸುತ್ತದೆ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ.

ಉತ್ತರದ ಕೋಟೆ ಮತ್ತು ಶಿವಾಲಯಗಳು

ವಸ್ತುಸಂಗ್ರಹಾಲಯದ ಪಕ್ಕದಿಂದ ಬಂಡೆಗಳ ಇಕ್ಕಟ್ಟಾದ ಸೀಳುಗಳ ನಡುವೆ ಮೆಟ್ಟಿಲದಾರಿ ಬಾವನ್‌ಬಂಡೆ ಕೋಟೆಗೆ ಏರುತ್ತದೆ. ಎರಡೂ ಬದಿಗೆ ಗೋಡೆಯಂತೆ ನಿಂತ ಬಂಡೆಗಳ ನಡುವೆ ನಡೆಯುವಾಗ, ಕೆಲವೇ ಕಾವಲುಗಾರರು ದೊಡ್ಡ ದಂಡನ್ನು ಇಲ್ಲಿ ತಡೆಯಬಹುದಾಗಿತ್ತೆಂಬುದು ಅರ್ಥವಾಗುತ್ತದೆ. ದಾರಿಯಲ್ಲಿ ಕೆಳಗಿನ ಶಿವಾಲಯ ಸಿಗುತ್ತದೆ. ಅದರ ಗರ್ಭಗೃಹ ಮತ್ತು ಶಿಖರ ಮಾತ್ರ ಉಳಿದಿವೆ. ಬೆಟ್ಟದ ನೆತ್ತಿಯ ಮೇಲಿನ ಶಿವಾಲಯವು ಕರ್ನಾಟಕದಲ್ಲಿ ಉಳಿದಿರುವ ದ್ರಾವಿಡ ಶೈಲಿಯ ಅತಿ ಹಳೆಯ ಕಟ್ಟಡಗಳಲ್ಲಿ ಒಂದು. ಹೆಸರು ಶಿವಾಲಯವೆಂದಿದ್ದರೂ ಗೋವರ್ಧನವನ್ನು ಎತ್ತಿದ ಕೃಷ್ಣ, ನರಸಿಂಹ ಮೊದಲಾದ ವೈಷ್ಣವ ಶಿಲ್ಪಗಳು ಅದರ ಗೋಡೆಗಳಲ್ಲಿವೆ. ಸುತ್ತಮುತ್ತ ಧಾನ್ಯದ ಕಣಜಗಳೂ ಕೊತ್ತಳಗಳೂ ಇವೆ. ಇಂದು ಕಾಣುವ ಕೋಟೆಗೋಡೆಗಳ ಬಹುಭಾಗ ಚಾಲುಕ್ಯರ ನಂತರದ ಕಾಲದ್ದು.

ಈ ಬೆಟ್ಟದ ಕಡಿದಾದ ಬಂಡೆಯೊಂದರ ಮೇಲೆ ರಾಜಧಾನಿಯ ಹುಟ್ಟನ್ನು ಸಾರುವ ಶಾಸನವಿದೆ. ಶಕ ವರ್ಷ 465ರ, ಎಂದರೆ ಕ್ರಿ.ಶ. 543ರ ಈ ಸಂಸ್ಕೃತ ಶಾಸನದಲ್ಲಿ ಒಂದನೆಯ ಪುಲಕೇಶಿಯನ್ನು ‘ಚಲಿಕ್ಯ ವಲ್ಲಭೇಶ್ವರ’ ಎಂದು ಕರೆಯಲಾಗಿದೆ. ಅಶ್ವಮೇಧ ಮೊದಲಾದ ಯಾಗಗಳನ್ನು ಮಾಡಿದ ಅರಸನು ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಭೇದಿಸಲಾಗದ ದುರ್ಗವನ್ನಾಗಿ ಮಾಡಿದನೆಂದು ಅದು ಹೇಳುತ್ತದೆ. ಒಂದು ಶತಮಾನ ಕಳೆಯುವುದರೊಳಗೆ ಪಲ್ಲವರು ಅದೇ ದುರ್ಗವನ್ನು ಹಿಡಿದರು.

ಮಾಲೆಗಿತ್ತಿ ಶಿವಾಲಯ

ಉತ್ತರ ಬೆಟ್ಟದಿಂದ ಇಳಿದು ಊರಿನ ಕಡೆಗೆ ಸರಿದರೆ ಬಿಡಿಯಾದ ಬಂಡೆಯ ದಿಬ್ಬದ ಮೇಲೆ ಮಾಲೆಗಿತ್ತಿ ಶಿವಾಲಯ ಕಾಣುತ್ತದೆ. 7ನೆಯ ಶತಮಾನದ ಈ ದೇವಾಲಯವು ಗಾತ್ರದಲ್ಲಿ ಸಣ್ಣದಾದರೂ ಬಾದಾಮಿಯ ಕಟ್ಟಡಗಳಲ್ಲಿ ಅತ್ಯಂತ ಸುಸ್ಥಿತಿಯಲ್ಲಿದೆ. ಇದರ ಶಿಖರ ಎಂಟು ಮೂಲೆಗಳದು. ಗೋಡೆಗಳಲ್ಲಿ ಶಿವ ಮತ್ತು ವಿಷ್ಣುವಿನ ಶಿಲ್ಪಗಳಿವೆ. ಇಲ್ಲಿನ ಶಾಸನವು ಆರ್ಯಮಿಂಚಿ ಉಪಾಧ್ಯಾಯ ಎಂಬ ಶಿಲ್ಪಾಚಾರ್ಯನ ಹೆಸರನ್ನು ಹೇಳುತ್ತದೆ. ಮಾಲೆಗಿತ್ತಿ ಎಂದರೆ ಹೂಮಾಲೆ ಕಟ್ಟುವವಳು. ಹೂ ಕಟ್ಟುವವರ ಹೆಸರು ಮಂಗಲೇಶನ ಶಾಸನದ ಬಳಿಕ ಈ ಊರಿನಲ್ಲಿ ಮತ್ತೊಮ್ಮೆ ಎದುರಾಗುವುದು ಇಲ್ಲಿ.

ಕಪ್ಪೆ ಅರಭಟ್ಟನ ಶಾಸನ

ಮತ್ತೆ ಕೆರೆಯ ಬಳಿಗೆ ಬಂದು ಉತ್ತರದ ದಂಡೆಯಲ್ಲಿ ಪೂರ್ವಕ್ಕೆ ನಡೆದರೆ ಮಲ್ಲಿಕಾರ್ಜುನ ದೇವಾಲಯಗಳ ಸಮೂಹ ಸಿಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳುಳ್ಳ ಇವು ಚಾಲುಕ್ಯರ ನಂತರದ ಶತಮಾನಗಳಲ್ಲಿ ಬೆಳೆದವು. ಕೆರೆಯ ಈಶಾನ್ಯ ಭಾಗದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ.

ಸುಮಾರು 700ರ ಈ ಶಾಸನವು ಹತ್ತು ಸಾಲುಗಳದು. ಅರಭಟ್ಟನು ಒಳ್ಳೆಯವರಿಗೆ ಒಳ್ಳೆಯವನೂ, ಪೀಡಿಸುವವರಿಗೆ ಕಲಿಯಂತೆ ಕಠೋರನೂ ಆಗಿದ್ದನೆಂಬುದು ಅದರ ಭಾವ. ಕನ್ನಡದ ತ್ರಿಪದಿ ಛಂದಸ್ಸಿಗೆ ಉಪಲಬ್ಧವಿರುವ ಅತ್ಯಂತ ಹಳೆಯ ಉದಾಹರಣೆ ಇದು. ಮೂರು ಸಾಲಿನ ಈ ಛಂದಸ್ಸು ಮುಂದೆ ಸರ್ವಜ್ಞನ ವಚನಗಳಿಗೂ ಉತ್ತರ ಕರ್ನಾಟಕದ ಬೀಸುವ ಕಲ್ಲಿನ ಹಾಡುಗಳಿಗೂ ಒದಗಿಬಂದಿತು. ಅರಭಟ್ಟನು ಅರಸನೆಂದು ಶಾಸನ ಹೇಳುವುದಿಲ್ಲ. ಅರಸರ ಬಿರುದಾವಳಿಗಳಿಂದ ತುಂಬಿದ ಈ ರಾಜಧಾನಿಯಲ್ಲಿ, ಇಂದಿನ ಕನ್ನಡ ವಿದ್ಯಾರ್ಥಿಗಳು ಹೆಚ್ಚಾಗಿ ಓದುವ ಶಾಸನ ಅವನದೇ ಆಗಿದೆ.

ಭೂತನಾಥ ದೇವಾಲಯ

ಕೆರೆಯ ಪೂರ್ವದ ತುದಿಯಲ್ಲಿ, ನೀರಿನ ಅಂಚಿಗೇ ಭೂತನಾಥ ದೇವಾಲಯ ನಿಂತಿದೆ. ಗರ್ಭಗೃಹ ಮತ್ತು ಒಳಮಂಟಪಗಳು ಬಾದಾಮಿ ಚಾಲುಕ್ಯರ ಕಾಲದವು. ಕೆರೆಯ ಕಡೆಗೆ ತೆರೆದ ಹೊರಮಂಟಪವನ್ನು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸೇರಿಸಲಾಯಿತು. ಹಿಂದಿನ ಬಂಡೆಗಳಲ್ಲಿ ಶೇಷಶಾಯಿ ವಿಷ್ಣುವಿನ ಶಿಲ್ಪವೂ ಜೈನ ಶಿಲ್ಪವೂ ಇವೆ. ದೇವಾಲಯವು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಬಿಸಿಲು ನೇರವಾಗಿ ಮಂಟಪದ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಸುತ್ತಲಿನ ಬೆಟ್ಟಗಳೂ ಕೆಂಪೇರುತ್ತವೆ. ನಡಿಗೆಯನ್ನು ಇಲ್ಲಿ ಮುಗಿಸಲು ಇದೂ ಒಂದು ಕಾರಣ.

ಮುಖ್ಯ ಶಾಸನಗಳ ಕಾಲಾನುಕ್ರಮ

ಮಾರ್ಗದಲ್ಲಿ ಶಾಸನಗಳು ಕಾಲದ ಕ್ರಮದಲ್ಲಿ ಸಿಗುವುದಿಲ್ಲ. ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಅವುಗಳ ಕ್ರಮ ಹೀಗಿದೆ:

543 – ಒಂದನೆಯ ಪುಲಕೇಶಿಯ ಬಂಡೆಗಲ್ಲಿನ ಶಾಸನ (ಸಂಸ್ಕೃತ), ಉತ್ತರದ ಬೆಟ್ಟ.
578 – ಮಂಗಲೇಶನ ಶಾಸನ (ಸಂಸ್ಕೃತ), ಮೂರನೆಯ ಗುಹೆ. ಅಲ್ಲಿಯೇ ಅವನ ಕನ್ನಡ ಶಾಸನವೂ ಇದೆ.
ಸುಮಾರು 642 – ಪಲ್ಲವ ನರಸಿಂಹವರ್ಮನ ಶಾಸನ (ಸಂಸ್ಕೃತ), ತೆಕ್ಕಿನ ಈರಪ್ಪನ ಗುಡಿಯ ಬಳಿ.
699 – ವಿಜಯಾದಿತ್ಯನ ಕಾಲದ ಶಾಸನ, ಜಂಬುಲಿಂಗ ದೇವಾಲಯ.
ಸುಮಾರು 700 – ಕಪ್ಪೆ ಅರಭಟ್ಟನ ಶಾಸನ, ಕೆರೆಯ ಈಶಾನ್ಯದ ಬಂಡೆ.

ಸಂರಕ್ಷಣೆ

ಬಾದಾಮಿಯ ಮುಖ್ಯ ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ನೆರೆಯ ಪಟ್ಟದಕಲ್ಲು 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2015ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಹೃದಯ್ ಯೋಜನೆಗೆ ಆಯ್ಕೆಯಾದ ಹನ್ನೆರಡು ಪಾರಂಪರಿಕ ನಗರಗಳಲ್ಲಿ ಕರ್ನಾಟಕದಿಂದ ಆಯ್ಕೆಯಾದುದು ಬಾದಾಮಿ ಮಾತ್ರ.

ಹಳೆಯ ರಾಜಧಾನಿಯ ಮೇಲೆಯೇ ಇಂದಿನ ಊರು ಬೆಳೆದಿರುವುದರಿಂದ ಸಂರಕ್ಷಣೆಯ ಕಾರ್ಯ ಸರಳವಾಗಿಲ್ಲ. ಸ್ಮಾರಕಗಳಿಗೆ ಅಂಟಿಕೊಂಡ ಓಣಿಗಳಲ್ಲಿ ತಲೆಮಾರುಗಳಿಂದ ಜನರು ವಾಸವಾಗಿದ್ದಾರೆ. ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗಿನ ಪ್ರದೇಶದಲ್ಲಿ ಹೊಸ ಕಟ್ಟಡವನ್ನು ಕಾನೂನು ನಿಷೇಧಿಸುತ್ತದೆ. ಅದರಾಚೆಯ 200 ಮೀಟರ್ ಪ್ರದೇಶದಲ್ಲಿ ಕಟ್ಟಡ ಕಟ್ಟಲು ಅನುಮತಿ ಬೇಕು. ಸ್ಮಾರಕಗಳ ಸುತ್ತಲಿನ ಬಯಲು ಉಳಿಯಬೇಕೆಂಬುದು ಈ ನಿಯಮದ ಉದ್ದೇಶ. ಮಳೆಗೆ ಸೋರುವ ಮನೆಯನ್ನು ಸರಿಪಡಿಸಿಕೊಳ್ಳಬೇಕಾದ ನಿವಾಸಿಗೆ ಇದೇ ನಿಯಮ ತೊಡಕಾಗಿ ಕಾಣುವುದೂ ಸಹಜ. ಇನ್ನೊಂದು ಕಡೆ, ಮೃದುವಾದ ಮರಳುಗಲ್ಲಿನ ಮೇಲೆ ಗೀಚುವುದು, ಶಿಲ್ಪಗಳನ್ನು ಮುಟ್ಟಿ ಸವೆಸುವುದು ಸರಿಪಡಿಸಲಾಗದ ಹಾನಿ. ಹದಿಮೂರು ನೂರು ವರ್ಷ ಉಳಿದ ಅಕ್ಷರವೊಂದು ಅಳಿಸಿಹೋದರೆ ಅದನ್ನು ಮತ್ತೆ ಬರೆಯಬಲ್ಲವರು ಯಾರೂ ಇಲ್ಲ.

ತಲುಪುವ ಬಗೆ ಮತ್ತು ಸೂಚನೆಗಳು

ಬಾದಾಮಿಯು ಗದಗ–ಸೊಲ್ಲಾಪುರ ರೈಲು ಮಾರ್ಗದಲ್ಲಿದೆ. ರೈಲು ನಿಲ್ದಾಣವು ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿದ್ದು, ಅಲ್ಲಿಂದ ಟಾಂಗಾ, ಆಟೋ ಮತ್ತು ಬಸ್ಸುಗಳಲ್ಲಿ ಊರಿಗೆ ಬರುವುದು ರೂಢಿ. ಗದಗದಿಂದ ಬರುವವರು ರೋಣ ತಾಲ್ಲೂಕಿನ ಹೊಳೆಆಲೂರು ನಿಲ್ದಾಣವನ್ನು ದಾಟಿ ಬಾದಾಮಿಗೆ ಬರುತ್ತಾರೆ. ಹೊಳೆಆಲೂರು, ಹೊಳೆಮಣ್ಣೂರ ಮೊದಲಾದ ಮಲಪ್ರಭೆಯ ದಂಡೆಯ ಊರುಗಳವರಿಗೆ ಇದು ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಪ್ರವಾಸ. ಬಾಗಲಕೋಟೆ, ಗದಗ ಮತ್ತು ಹುಬ್ಬಳ್ಳಿಗಳಿಂದ ಬಸ್ಸಿನ ಸೌಕರ್ಯವಿದೆ.

ಬೇಸಿಗೆಯಲ್ಲಿ ಬಂಡೆಗಳು ಬಹಳ ಕಾಯುವುದರಿಂದ ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ನಡಿಗೆಗೆ ಹಿತ. ಗುಹೆಗಳ ಬಳಿ ಕೋತಿಗಳ ಹಾವಳಿ ಹೆಚ್ಚು. ತಿನಿಸನ್ನು ಕೈಯಲ್ಲಿ ಹಿಡಿದು ಹೋಗಬಾರದು. ಉತ್ತರದ ಕೋಟೆಯ ಮೆಟ್ಟಿಲುಗಳು ಕಡಿದಾಗಿದ್ದು, ವಯಸ್ಸಾದವರು ವಸ್ತುಸಂಗ್ರಹಾಲಯದಿಂದ ನೇರವಾಗಿ ಕೆರೆಯ ದಂಡೆಯ ಸಮತಟ್ಟಾದ ದಾರಿಯಲ್ಲಿ ಭೂತನಾಥ ದೇವಾಲಯಕ್ಕೆ ಹೋಗಬಹುದು.

ಸುತ್ತಲಿನ ಸ್ಥಳಗಳು

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಬನಶಂಕರಿ ದೇವಾಲಯದಲ್ಲಿ ಬನದ ಹುಣ್ಣಿಮೆಯ ಸಂದರ್ಭದಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಮಹಾಕೂಟ, ಪಟ್ಟದಕಲ್ಲು ಮತ್ತು ಐಹೊಳೆಗಳು ಇದೇ ಕಣಿವೆಯ ಚಾಲುಕ್ಯ ನೆಲೆಗಳು. ರೋಣ ಮತ್ತು ಗಜೇಂದ್ರಗಡದ ಕಡೆಗೆ ಹೋಗುವವರು ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯಗಳನ್ನೂ ಕೊಳವನ್ನೂ ನೋಡಬಹುದು. ವಾತಾಪಿಯಲ್ಲಿ ಆರಂಭವಾದ ಶಿಲ್ಪಕಲೆ ಮುಂದಿನ ನಾಲ್ಕು ಶತಮಾನಗಳಲ್ಲಿ ಹೇಗೆ ಬೆಳೆಯಿತೆಂಬುದು ಅಲ್ಲಿ ತಿಳಿಯುತ್ತದೆ.